ಮರೆವಿರುವ ಹಿರಿಯರಿಗೆ ಅಸಿಸ್ಟೆಡ್ ಲಿವಿಂಗ್ ಸಾಕಾ, ಮೆಮೊರಿ ಕೇರ್ ಬೇಕಾ? ಬೆಂಗಳೂರಿನಲ್ಲಿ ಜಾಗ ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಹಿರಿಯರ ಆರೈಕೆ ಕೇಂದ್ರಗಳ ವೆಬ್‌ಸೈಟ್ ತೆರೆದರೆ ಎಲ್ಲ ಕಡೆಯೂ ಅದೇ ಫೋಟೊ. ಹಸಿರು ಹುಲ್ಲು, ನಗುವ ನರ್ಸ್, ಕೇರಂ ಆಡುವ ತಾತಂದಿರು. ಕೆಳಗೆ ಅಸಿಸ್ಟೆಡ್ ಲಿವಿಂಗ್, ಮೆಮೊರಿ ಕೇರ್, ಡಿಮೆನ್ಷಿಯಾ ಕೇರ್ ಎಂದು ಒಂದೇ ಉಸಿರಿನಲ್ಲಿ ಬರೆದಿರುತ್ತಾರೆ. ಕೆಲವು ಕಡೆ ಇವೆಲ್ಲ ಒಂದೇ ಕಟ್ಟಡದಲ್ಲಿ, ಒಂದೇ ಸಿಬ್ಬಂದಿಯ ಕೈಯಲ್ಲಿ ನಡೆಯುತ್ತವೆ. ಬೋರ್ಡ್ ನೋಡಿ ಆರಿಸಿದರೆ ಏನೂ ಗೊತ್ತಾಗುವುದಿಲ್ಲ.

ಹಾಗಾದರೆ ಹೇಗೆ ಆರಿಸುವುದು? ಒಂದು ಪ್ರಶ್ನೆಯಿಂದ ಶುರು ಮಾಡಿ. ನಿಮ್ಮ ಅಪ್ಪನಿಗೋ ಅಮ್ಮನಿಗೋ ತೊಂದರೆಯಾದಾಗ ಮಂಚದ ಪಕ್ಕದ ಬೆಲ್ ಒತ್ತಿ ಯಾರನ್ನಾದರೂ ಕರೆಯುತ್ತಾರಾ? ಮಂಡಿನೋವು, ಪಾರ್ಶ್ವವಾಯು, ಕಣ್ಣು ಮಂಜು ಏನೇ ಇರಲಿ, ಬೆಲ್ ಒತ್ತಿ "ಸಿಸ್ಟರ್, ಬಾತ್‌ರೂಮಿಗೆ ಹೋಗಬೇಕು" ಎನ್ನಬಲ್ಲವರಿಗೆ ಅಸಿಸ್ಟೆಡ್ ಲಿವಿಂಗ್ ಸರಿಹೋಗುತ್ತದೆ. ಅಲ್ಲಿನ ಏರ್ಪಾಡೆಲ್ಲ ಕರೆದಾಗ ಬರುವುದರ ಮೇಲೆ ನಿಂತಿದೆ. ಬೆಲ್ ಯಾಕಿದೆ ಎಂಬುದೇ ಮರೆತುಹೋದವರಿಗೆ, ತಮಗೆ ಏನೋ ಬೇಕು ಅಂತ ಗೊತ್ತಿದ್ದರೂ ಏನು ಬೇಕು ಅಂತ ಹೇಳಲಾಗದವರಿಗೆ, ಕರೆಯದೆಯೇ ಬಂದು ನೋಡುವ ಜನ ಬೇಕು. ಅದು ಮೆಮೊರಿ ಕೇರ್ ಮಾಡಬೇಕಾದ ಕೆಲಸ. ಮುಂದಿನ ಹಂತಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

ಇದು ನಿಮ್ಮೊಬ್ಬರ ಮನೆಯ ಸಮಸ್ಯೆ ಅಂದುಕೊಳ್ಳಬೇಡಿ. 2023ರಲ್ಲಿ ಪ್ರಕಟವಾದ ದೇಶಮಟ್ಟದ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ ಡಿಮೆನ್ಷಿಯಾ (ಮಿದುಳಿನ ಕಾಯಿಲೆಯಿಂದ ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವುದು) ಇದೆ. ಅಂದರೆ ಸುಮಾರು 88 ಲಕ್ಷ ಜನ.

ಹಂತ 1: ಜಾಗ ಹುಡುಕುವ ಮೊದಲು ಕಾಯಿಲೆ ಯಾವುದು ಅಂತ ತಿಳಿಯಿರಿ

"ವಯಸ್ಸಾಯ್ತು, ಅರಳು ಮರಳು" ಎಂದು ನಾವೇ ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ಮರೆವೆಲ್ಲ ಆಲ್ಜೈಮರ್ಸ್ (ಡಿಮೆನ್ಷಿಯಾದ ಅತಿ ಸಾಮಾನ್ಯ ಬಗೆ) ಅಲ್ಲ. ಬಿ12 ಕಮ್ಮಿಯಾದರೂ ಮರೆವು ಬರುತ್ತದೆ. ಶುದ್ಧ ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಇದು ಜಾಸ್ತಿ. ಥೈರಾಯ್ಡ್, ಸೋಡಿಯಂ ಇಳಿಕೆ, ಖಿನ್ನತೆ, ಕಿವಿ ಕೇಳದಿರುವುದು, ನಿದ್ದೆ ಮಾತ್ರೆ ಎಲ್ಲವೂ ಮರೆವಿನ ವೇಷ ಹಾಕುತ್ತವೆ. ತಿಂಗಳ ಹಿಂದೆ ಬಿದ್ದು ತಲೆಗೆ ಸಣ್ಣ ಪೆಟ್ಟಾಗಿದ್ದರೆ ಒಳಗೆ ನಿಧಾನವಾಗಿ ರಕ್ತ ಸೇರಿಕೊಂಡಿರಬಹುದು. ಅದು ಸ್ಕ್ಯಾನ್ ಮಾಡಿಸಿದರೆ ಮಾತ್ರ ಗೊತ್ತಾಗುವುದು.

ಎರಡು ಮೂರು ದಿನದಲ್ಲೇ ಇದ್ದಕ್ಕಿದ್ದಂತೆ ಗೊಂದಲ ಶುರುವಾಗಿದ್ದರೆ ಮೂತ್ರದ ಸೋಂಕೋ ಮತ್ತೊಂದೋ ಇರುವ ಸಾಧ್ಯತೆ ಹೆಚ್ಚು. ಅಂಥವರನ್ನು ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಶ್ರಮದ ಮಾತು ಆಮೇಲೆ.

ನಿಮ್ಹಾನ್ಸ್‌ನಲ್ಲಿ ಹಿರಿಯರ ಮನೋರೋಗ ವಿಭಾಗವೂ, ಮರೆವಿನ ಕಾಯಿಲೆಗಳನ್ನು ನೋಡುವ ನರರೋಗ ತಜ್ಞರೂ ಇದ್ದಾರೆ. ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಡಿ ಜಿಲ್ಲಾ ಆಸ್ಪತ್ರೆಗಳಲ್ಲೂ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ಶುರುವಾಗಿವೆ. ಎಲ್ಲಿಗೇ ಹೋದರೂ ಬರುವಾಗ ಎರಡು ವಿಷಯ ಬರೆಸಿಕೊಂಡು ಬನ್ನಿ. ಯಾವ ಬಗೆಯ ಡಿಮೆನ್ಷಿಯಾ, ಈಗ ಯಾವ ಹಂತ. ಬಗೆ ಮುಖ್ಯ, ಯಾಕೆಂದರೆ ಲ್ಯೂಯಿ ಬಾಡಿ ಡಿಮೆನ್ಷಿಯಾ ಇರುವವರಿಗೆ ಗಲಾಟೆ ಶಮನಕ್ಕೆ ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧ ಅಪಾಯ ತರಬಲ್ಲದು. ಸೇರಿಸುವ ಕೇಂದ್ರದ ನರ್ಸ್‌ಗೆ ಇದು ಮೊದಲ ದಿನವೇ ಗೊತ್ತಿರಬೇಕು.

ಹಂತ 2: ಒಂದು ವಾರ ನೋಟ್‌ಬುಕ್ ಇಡಿ

ಕೇಂದ್ರದವರು ಫೋನಿನಲ್ಲಿ "ಪೇಷೆಂಟ್ ಹೇಗಿದ್ದಾರೆ?" ಎಂದು ಕೇಳುತ್ತಾರೆ. ನಾವು "ಪರವಾಗಿಲ್ಲ, ಸ್ವಲ್ಪ ಮರೆವು" ಎನ್ನುತ್ತೇವೆ. ಎಲ್ಲರೂ ಹೀಗೇ ಹೇಳುವುದು. ಬೆಂಗಳೂರಲ್ಲಿ ಅಮ್ಮನ ಜೊತೆ ಇರುವ ಮಗಳಿಗೆ ಒಂದು ಚಿತ್ರ, ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡುವ ಅಮೆರಿಕದ ಮಗನಿಗೆ ಇನ್ನೊಂದು ಚಿತ್ರ. ಹತ್ತು ನಿಮಿಷದ ಕಾಲ್‌ನಲ್ಲಿ ಎಷ್ಟೋ ಹಿರಿಯರು ಚೆನ್ನಾಗಿಯೇ ಮಾತಾಡುತ್ತಾರೆ. ಜಗಳ ಅಲ್ಲಿಂದಲೇ ಹುಟ್ಟುವುದು. ಬರೆದಿಟ್ಟ ಪುಸ್ತಕ ಇದ್ದರೆ ಜಗಳ ಅರ್ಧ ಕಮ್ಮಿಯಾಗುತ್ತದೆ.

ಏನು ಬರೆಯಬೇಕು? ಆರು ಕೆಲಸಗಳನ್ನು ತೆಗೆದುಕೊಳ್ಳಿ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಟಾಯ್ಲೆಟ್‌ಗೆ ಹೋಗಿಬರುವುದು, ಮಂಚದಿಂದ ಏಳುವುದು, ಮಲಮೂತ್ರ ಹಿಡಿದುಕೊಳ್ಳುವುದು, ಊಟ. ವೈದ್ಯರೂ ಕಾಟ್ಜ್ ಅಳತೆ ಎಂದು ಇದೇ ಆರನ್ನು ನೋಡುತ್ತಾರೆ. ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದನ್ನು ಬರೆಯಿರಿ. ತಾವೇ ಮಾಡಿದರು, ಹೇಳಿಕೊಟ್ಟ ಮೇಲೆ ಮಾಡಿದರು, ನಾವೇ ಮಾಡಿಸಿದೆವು.

ನಡುವಿನ ಸಾಲು ತುಂಬಾ ಮುಖ್ಯ. ಅಪ್ಪ ಬಾತ್‌ರೂಮಿಗೆ ತಾವೇ ನಡೆದು ಹೋಗುತ್ತಾರೆ, ಕೈಕಾಲು ಗಟ್ಟಿ. ಆದರೆ ಒಳಗೆ ಹೋಗಿ ಬಕೆಟ್ ಮುಂದೆ ಸುಮ್ನೆ ನಿಲ್ಲುತ್ತಾರೆ. ಮಗ್ ಕೈಗೆ ಕೊಟ್ಟು "ಮೊದಲು ಕಾಲಿಗೆ ಹಾಕ್ಕೊಳ್ಳಿ" ಎಂದರೆ ನೀರು ಹಾಕಿಕೊಳ್ಳುತ್ತಾರೆ. ಸೋಪು ಕೊಟ್ಟರೆ ಹಚ್ಚುತ್ತಾರೆ, ಹೇಳದಿದ್ದರೆ ಸೋಪಿನ ನೊರೆಯಲ್ಲೇ ಟವೆಲ್ ಸುತ್ತಿಕೊಂಡು ಹೊರಗೆ ಬರುತ್ತಾರೆ. ಅಸಿಸ್ಟೆಡ್ ಲಿವಿಂಗ್‌ನ ಅಟೆಂಡರ್ ಇಂಥವರನ್ನು ಬಾಗಿಲವರೆಗೆ ಬಿಟ್ಟು ಹೊರಗೆ ಕಾಯುತ್ತಾನೆ. ಇವರಿಗೆ ಬೇಕಿರುವುದು ಒಳಗೆ ನಿಂತು ಒಂದೊಂದೇ ಹೆಜ್ಜೆ ಹೇಳಿಕೊಡುವವನು.

ರಾತ್ರಿಗೆ ಬೇರೆ ಪುಟ ಇಡಿ. ಎಷ್ಟು ಸಲ ಎದ್ದರು, ಬಾಗಿಲು ತೆಗೆಯಲು ನೋಡಿದರಾ, ಸಂಜೆ ಐದಾದ ಮೇಲೆ ಚಡಪಡಿಕೆ ಜಾಸ್ತಿಯಾಯಿತಾ. ಹೊರಗೆ ಹೋಗಿ ದಾರಿ ತಪ್ಪಿದ್ದು, ಗ್ಯಾಸ್ ಹಚ್ಚಿಟ್ಟು ಮರೆತದ್ದು, ಮಾತ್ರೆ ಎರಡು ಸಲ ನುಂಗಿದ್ದು, "ನನ್ನ ದುಡ್ಡು ಕದ್ದರು" ಎಂಬ ಅನುಮಾನ, ಕೈ ಎತ್ತಿದ್ದು. ನಾಚಿಕೆ ಬಿಟ್ಟು ಎಲ್ಲ ಬರೆಯಿರಿ. ಮುಚ್ಚಿಟ್ಟು ಸೇರಿಸಿದರೆ ಹದಿನೈದು ದಿನದಲ್ಲಿ "ನಮ್ಮಲ್ಲಿ ಆಗಲ್ಲ, ಕರೆದುಕೊಂಡು ಹೋಗಿ" ಎಂದು ಫೋನ್ ಬರುತ್ತದೆ.

ಹಂತ 3: ನೋಟ್‌ಬುಕ್ ನೋಡಿ ತೀರ್ಮಾನಿಸಿ

ಹಗಲು ರಾತ್ರಿ ಎರಡೂ ಪುಟ ಶಾಂತವಾಗಿದ್ದು, ಮರೆವು ಬರೀ ಹೆಸರು, ತಾರೀಖು, ಬ್ಯಾಂಕ್ ಲೆಕ್ಕಕ್ಕೆ ಸೀಮಿತವಾಗಿದ್ದರೆ ಅಸಿಸ್ಟೆಡ್ ಲಿವಿಂಗ್ ಸಾಕು. ಇನ್ನೂ ಹೇಳುವುದಾದರೆ, ಆ ಹಂತದಲ್ಲಿ ಮೆಮೊರಿ ಕೇರ್‌ಗೆ ಹಾಕುವುದು ಅನ್ಯಾಯ. ಪೇಪರ್ ಓದಿ ರಾಜಕೀಯ ಮಾತಾಡುವವರನ್ನು ಮಾತೇ ನಿಂತುಹೋದವರ ಮಧ್ಯೆ ಕೂರಿಸಿದರೆ ಅವರೂ ಮಂಕಾಗುತ್ತಾರೆ.

ಹೊರಗೆ ಹೋಗಿ ದಾರಿ ತಪ್ಪುವುದು, ರಾತ್ರಿ ಪದೇ ಪದೇ ಏಳುವುದು, ಸ್ನಾನಕ್ಕೆ ಹಟ ಮಾಡಿ ತಳ್ಳುವುದು, ಮನೆಯವರನ್ನೇ ಗುರುತಿಸದಿರುವುದು ಇವುಗಳಲ್ಲಿ ಒಂದು ಪದೇ ಪದೇ ಆಗುತ್ತಿದ್ದರೂ ಮೆಮೊರಿ ಕೇರ್ ನೋಡಿ.

ಕಷ್ಟ ಬರುವುದು ಈ ಎರಡರ ಮಧ್ಯೆ ಇರುವವರ ವಿಷಯದಲ್ಲಿ. ಅವರಿಗೆ ಎರಡೂ ವಿಭಾಗ ಪಕ್ಕಪಕ್ಕದಲ್ಲಿರುವ ಕೇಂದ್ರವೇ ವಾಸಿ ಎಂಬುದು ನನ್ನ ಅಭಿಪ್ರಾಯ. ಡಿಮೆನ್ಷಿಯಾ ಇರುವವರಿಗೆ ಪ್ರತಿ ಸ್ಥಳಾಂತರವೂ ದೊಡ್ಡ ಪೆಟ್ಟು. ಆರು ತಿಂಗಳಿಗೊಮ್ಮೆ ಊರು ಬದಲಿಸುವಂತೆ ಆಗಬಾರದು.

ಇನ್ನೊಂದು ದಾರಿಯೂ ಇದೆ. ಡೇ ಕೇರ್. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ಇರುವವರಿಗೆಂದೇ ಕಸ್ತೂರಿನಗರದಲ್ಲಿ ಕೇಂದ್ರ ನಡೆಸುತ್ತದೆ, ಡೇ ಕೇರ್ ಸೇವೆಯನ್ನೂ ಕೊಡುತ್ತದೆ. 1992ರಲ್ಲಿ ಕೇರಳದಲ್ಲಿ ಹುಟ್ಟಿದ ಎಆರ್‌ಡಿಎಸ್‌ಐ ಎಂಬ ಆಲ್ಜೈಮರ್ಸ್ ಸಂಸ್ಥೆಗೆ ಬೆಂಗಳೂರಿನಲ್ಲೂ ಶಾಖೆ ಇದೆ. ಹಗಲು ಅಲ್ಲಿ, ರಾತ್ರಿ ಮನೆಯಲ್ಲಿ ಎಂದಾದರೆ ಎಷ್ಟೋ ಮನೆಗಳು ವರ್ಷಗಟ್ಟಲೆ ನಿಭಾಯಿಸುತ್ತವೆ. ರಾತ್ರಿಯ ಪುಟ ತುಂಬಿಹೋಗಿದ್ದರೆ ಮಾತ್ರ ಇದು ನಡೆಯುವುದಿಲ್ಲ.

ಹಂತ 4: ಫೋನಿನಲ್ಲೇ ಅರ್ಧ ಪಟ್ಟಿ ಕಳಚಿ

ಎಲ್ಲ ಕಡೆ ಹೋಗಿ ನೋಡುವ ಅಗತ್ಯವಿಲ್ಲ. ನಾಲ್ಕು ಪ್ರಶ್ನೆ ಸಾಕು. ರಾತ್ರಿ ಪಾಳಿಯಲ್ಲಿ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ, ಅವರು ಎಚ್ಚರವಾಗಿರುತ್ತಾರಾ ಮಲಗುತ್ತಾರಾ? ನರ್ಸ್ ದಿನದ 24 ಗಂಟೆಯೂ ಇರುತ್ತಾರಾ, ಕರೆದರೆ ಬರುತ್ತಾರಾ? ಡಿಮೆನ್ಷಿಯಾ ಇರುವವರು ಈಗ ನಿಮ್ಮಲ್ಲಿ ಎಷ್ಟು ಮಂದಿ? ಯಾವ ಪರಿಸ್ಥಿತಿ ಬಂದರೆ ನೀವು ಇಟ್ಟುಕೊಳ್ಳುವುದಿಲ್ಲ?

ಕೊನೆಯ ಪ್ರಶ್ನೆಗೆ "ಹಾಗೇನಿಲ್ಲ ಸಾರ್, ಎಲ್ಲರನ್ನೂ ನೋಡ್ಕೋತೀವಿ" ಎಂದರೆ ಹುಷಾರು. ಕೆಲಸ ಗೊತ್ತಿರುವವರು ತಮ್ಮ ಮಿತಿಯನ್ನೂ ಹೇಳುತ್ತಾರೆ.

ಹಂತ 5: ಸಂಜೆ ಹೋಗಿ, ಊಟದ ಹೊತ್ತಿಗೆ ಹೋಗಿ

ಬೆಳಗ್ಗೆ ಹನ್ನೊಂದಕ್ಕೆ ಎಲ್ಲ ಕೇಂದ್ರವೂ ಚೆನ್ನಾಗಿಯೇ ಕಾಣುತ್ತದೆ. ಸ್ನಾನ, ತಿಂಡಿ ಮುಗಿದಿರುತ್ತದೆ, ಮ್ಯಾನೇಜರ್ ಇರುತ್ತಾರೆ. ಸಂಜೆ ಐದರಿಂದ ಏಳರವರೆಗೆ ಹೋಗಿ. ಡಿಮೆನ್ಷಿಯಾ ಇರುವ ಎಷ್ಟೋ ಮಂದಿಗೆ ಹೊತ್ತು ಇಳಿಯುತ್ತಿದ್ದಂತೆ ಗಾಬರಿ, ತಿರುಗಾಟ ಜಾಸ್ತಿಯಾಗುತ್ತದೆ. ಸಿಬ್ಬಂದಿ ಪಾಳಿ ಬದಲಾಗುವುದೂ ಹೆಚ್ಚುಕಡಿಮೆ ಅದೇ ಸುಮಾರಿಗೆ. ಆಗ ಒಂದು ಮೂಲೆಯಲ್ಲಿ ಕುಳಿತು ನೋಡಿ. ಒಬ್ಬ ಅಜ್ಜಿ "ಬಸ್ಸಿಗೆ ಹೊತ್ತಾಯ್ತು, ಮಕ್ಕಳು ಸ್ಕೂಲಿಂದ ಬರ್ತಾರೆ" ಎಂದು ಚೀಲ ಹಿಡಿದು ಹೊರಟಿದ್ದಾರೆ ಅಂದುಕೊಳ್ಳಿ. ತರಬೇತಿ ಇಲ್ಲದವರು "ಎಲ್ಲಿ ಬಸ್ಸು, ಕೂತ್ಕೊಳಿ" ಎಂದು ಕೈ ಹಿಡಿದು ಎಳೆಯುತ್ತಾರೆ. ಗೊತ್ತಿರುವವರು ಜೊತೆಗೇ ನಾಲ್ಕು ಹೆಜ್ಜೆ ನಡೆಯುತ್ತಾರೆ. "ಮಕ್ಕಳ ಹೆಸರೇನಜ್ಜಿ?" ಎಂದು ಕೇಳುತ್ತಾರೆ, ಕಾಫಿಯ ಕಡೆಗೆ ತಿರುಗಿಸುತ್ತಾರೆ. ಈ ಎರಡು ನಿಮಿಷದಲ್ಲಿ ತಿಳಿಯುವಷ್ಟು ಇಡೀ ಬ್ರೋಷರ್ ಓದಿದರೂ ತಿಳಿಯುವುದಿಲ್ಲ.

ಭಾಷೆ ನೋಡಿ. ಬೆಂಗಳೂರಿನ ಕೇಂದ್ರಗಳಲ್ಲಿ ಅಟೆಂಡರ್‌ಗಳು ಹೆಚ್ಚಾಗಿ ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳು. ಒಳ್ಳೆಯವರು, ಕಷ್ಟಪಟ್ಟು ದುಡಿಯುತ್ತಾರೆ, ಅವರ ಮೇಲೆ ದೂರಿಲ್ಲ. ಆದರೆ ಡಿಮೆನ್ಷಿಯಾ ಮುಂದುವರಿದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಬಹುದು, ಉಳಿಯುವುದು ಮನೆಮಾತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಇಂಗ್ಲಿಷ್ ಆಡಿದವರೂ ಕೊನೆಗೆ ಹವ್ಯಕ ಕನ್ನಡಕ್ಕೋ ತುಳುವಿಗೋ ಬಂದು ನಿಲ್ಲಬಹುದು. "ಹೊಟ್ಟೆ ತೊಳೆಸ್ತಿದೆ" ಎಂದಾಗ ಪಾಳಿಯಲ್ಲಿ ಇರುವವರಿಗೆ ಅದು ಅರ್ಥವಾಗಬೇಕಲ್ವಾ? ಒಂದೊಂದು ಪಾಳಿಯಲ್ಲೂ ಕನ್ನಡ ಬರುವವರು ಒಬ್ಬರಾದರೂ ಇರುತ್ತಾರಾ ಎಂದು ಕೇಳಿ. ಮ್ಯಾನೇಜರ್‌ಗೆ ಕನ್ನಡ ಬಂದರೆ ಪ್ರಯೋಜನವಿಲ್ಲ, ಸ್ನಾನ ಮಾಡಿಸುವವರಿಗೆ ಬರಬೇಕು. ಬೆಂಗಳೂರಿನ ದೊಡ್ಡ ಕೇಂದ್ರಕ್ಕಿಂತ ಮೈಸೂರಿನದೋ ಮಂಗಳೂರಿನದೋ ಸಣ್ಣ ಕೇಂದ್ರ ಈ ಒಂದು ಕಾರಣಕ್ಕೇ ಮೇಲಾಗಬಹುದು.

ಊಟ ನೋಡಿ. ಮುದ್ದೆ ಉಂಡು ಬೆಳೆದವರಿಗೆ ದಿನಾ ಚಪಾತಿ ಕೊಟ್ಟರೆ ತಟ್ಟೆ ಹಾಗೇ ವಾಪಸ್ ಹೋಗುತ್ತದೆ, ತೂಕ ಇಳಿಯುತ್ತದೆ. ಅನ್ನ ಸಾರನ್ನು ಕೈಯಿಂದ ಕಲಸಿ ತಿನ್ನಲು ಬಿಡುತ್ತಾರಾ, ಬೇಗ ಮುಗಿಯಲಿ ಅಂತ ಚಮಚದಲ್ಲಿ ತುರುಕುತ್ತಾರಾ? ತುತ್ತಿನ ಮಧ್ಯೆ ಕಾಯುತ್ತಾರಾ? ನುಂಗಲು ಕಷ್ಟವಿರುವವರಿಗೆ ಆತುರದ ತುತ್ತು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗಬಹುದು.

ಕಟ್ಟಡದಲ್ಲಿ ನೋಡಬೇಕಾದ್ದು ಹೆಚ್ಚಿಲ್ಲ. ಹೊರಬಾಗಿಲು ಭದ್ರವಾಗಿರಬೇಕು, ಒಳಗೆ ಓಡಾಡಲು ಜಾಗ ಇರಬೇಕು. ಮಂಚದಿಂದ ಟಾಯ್ಲೆಟ್ ಕಾಣಬೇಕು. ನೆಲ ಮಿರಮಿರ ಹೊಳೆಯುತ್ತಿದ್ದರೆ ಅದು ಅಂದವಲ್ಲ. ಒದ್ದೆ ಅಂದುಕೊಂಡು ಕಾಲಿಡಲು ಹೆದರುತ್ತಾರೆ, ಜಾರುತ್ತಾರೆ ಕೂಡ.

ಇನ್ನೆರಡು ಪ್ರಶ್ನೆ, ಮುಖಕ್ಕೆ ಮುಖ ಕೊಟ್ಟು ಕೇಳಬೇಕಾದವು. "ಕೈ ಕಾಲು ಕಟ್ಟುತ್ತೀರಾ?" ಮತ್ತು "ಗಲಾಟೆ ಮಾಡಿದರೆ ಯಾವ ಮಾತ್ರೆ, ಯಾರು ಬರೆದುಕೊಡುತ್ತಾರೆ?" 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ, ಸ್ವಲ್ಪ ಹೊತ್ತು ದೇಹವನ್ನು ತಡೆಹಿಡಿಯಬಹುದು. ಆ ಕಾಯ್ದೆ ಕೊಡುವ ಮಾನಸಿಕ ಕಾಯಿಲೆಯ ವ್ಯಾಖ್ಯಾನದಲ್ಲಿ ನೆನಪಿನ ತೀವ್ರ ತೊಂದರೆಯೂ ಸೇರಿದೆ. ಇನ್ನು ಗಲಾಟೆ ಶಮನಕ್ಕೆ ಕೊಡುವ ಆಂಟಿಸೈಕಾಟಿಕ್ ಎಂಬ ಮನೋರೋಗದ ಔಷಧಗಳು. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಇವು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಕೆ ಹಾಕಿಸಿದ್ದಾರೆ. ಕೆಲವೊಮ್ಮೆ ಬೇಕಾಗುತ್ತವೆ, ನಿಜ. ಆದರೆ ಸಂಜೆ ಏಳಕ್ಕೇ ಇಡೀ ವಾರ್ಡ್ ಮಲಗಿದ್ದರೆ ಯಾಕೆ ಎಂದು ಕೇಳಿ.

ಹಂತ 6: ದುಡ್ಡಿನ ಲೆಕ್ಕ

ತಿಂಗಳ ಫೀಸ್ ಎಂದು ಹೇಳುವುದು ಮೊದಲ ಸಾಲು ಮಾತ್ರ. ಅದರ ಕೆಳಗೆ ಡಯಾಪರ್, ಔಷಧ, ಫಿಸಿಯೊಥೆರಪಿ, ವೈದ್ಯರ ಭೇಟಿ, ಆಸ್ಪತ್ರೆಗೆ ಜೊತೆಗೆ ಹೋಗುವವರ ಚಾರ್ಜ್, ಆಂಬುಲೆನ್ಸ್, ಒಬ್ಬರಿಗೇ ಒಬ್ಬ ಅಟೆಂಡರ್ ಬೇಕೆಂದರೆ ಅದರ ಖರ್ಚು ಇರುತ್ತವೆ. ಸುಮ್ನೆ ಒಂದು ಉದಾಹರಣೆ: ದಿನಕ್ಕೆ 4 ಡಯಾಪರ್, ಒಂದಕ್ಕೆ 40 ರೂಪಾಯಿ ಎಂದರೆ ತಿಂಗಳಿಗೆ 4,800. ಫೀಸ್ 45,000 ಇದ್ದು ವರ್ಷಕ್ಕೆ ಶೇ. 10 ಏರಿಸಿದರೆ, ಐದು ಏರಿಕೆಯ ಮೇಲೆ ಅದು 72,000 ದಾಟುತ್ತದೆ. ಡಿಮೆನ್ಷಿಯಾ ವರ್ಷಗಟ್ಟಲೆ ನಡೆಯುವ ಕಾಯಿಲೆ. ಮೊದಲ ವರ್ಷಕ್ಕೆ ಹೊಂದುವ ಕೇಂದ್ರವನ್ನಲ್ಲ, ಐದನೇ ವರ್ಷಕ್ಕೂ ಕೈಗೆಟುಕುವುದನ್ನು ಆರಿಸಿ.

ಆರೋಗ್ಯ ವಿಮೆ ಇದಕ್ಕೆ ಬರುವುದಿಲ್ಲ. ಸ್ನಾನ, ಬಟ್ಟೆಯಂಥ ದಿನನಿತ್ಯದ ಆರೈಕೆಗಾಗಿ ಕೇಂದ್ರದಲ್ಲಿ ಇರುವ ಖರ್ಚನ್ನು ಪಾಲಿಸಿಗಳ ಸಾಮಾನ್ಯ ಹೊರಗಿಡುವಿಕೆ ಪಟ್ಟಿಯಲ್ಲೇ ಸೇರಿಸಿದ್ದಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಡಿಮೆನ್ಷಿಯಾ ಚಿಕಿತ್ಸೆಯ ವೆಚ್ಚಕ್ಕೆ ವಿನಾಯಿತಿ ಇದೆ, ತಜ್ಞ ವೈದ್ಯರು ಬರೆದುಕೊಟ್ಟ ಚೀಟಿ ಬೇಕು, ಆಡಿಟರ್ ಹತ್ತಿರ ಕೇಳಿ. ಆದಾಯ ತೆರಿಗೆ ನೋಂದಣಿ ಇರುವ ಟ್ರಸ್ಟ್‌ನ ವೃದ್ಧಾಶ್ರಮದಲ್ಲಿ ವಸತಿ, ಊಟ ಸೇರಿ ತಿಂಗಳಿಗೆ 25,000ದವರೆಗಿನ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಬಿಲ್‌ನಲ್ಲಿ ಹಾಕಿದ್ದರೆ ಪ್ರಶ್ನಿಸಿ.

ಅಣ್ಣ ತಮ್ಮಂದಿರ ನಡುವೆ ಯಾರು ಎಷ್ಟು ಕೊಡಬೇಕು ಎಂಬುದನ್ನು ಸೇರಿಸುವ ಮೊದಲೇ ವಾಟ್ಸಾಪ್‌ನಲ್ಲಾದರೂ ಬರೆದಿಡಿ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಹಿರಿಯರು ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ ಮಕ್ಕಳಿಂದ ಜೀವನಾಂಶ ಕೇಳಬಹುದು. ಆದರೆ ಅದರ ಮಿತಿ ತಿಂಗಳಿಗೆ 10,000. ಈ ಖರ್ಚಿಗೆ ಅದು ಯಾವ ಮೂಲೆಗೂ ಸಾಲದು.

ಹಂತ 7: ಕಾಗದ ಪತ್ರ, ಅದೂ ಬೇಗ

ತುಂಬಾ ಜನ ಎಡವುವ ಜಾಗ ಇದು. ಅಪ್ಪನಿಂದ ಪವರ್ ಆಫ್ ಅಟಾರ್ನಿ ಮಾಡಿಸಿಕೊಂಡಿದ್ದೇವೆ, ಇನ್ನು ಚಿಂತೆ ಇಲ್ಲ ಎನ್ನುತ್ತಾರೆ. ಭಾರತದ ಕರಾರು ಕಾಯ್ದೆಯಲ್ಲಿ, ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಪವರ್ ಆಫ್ ಅಟಾರ್ನಿ ಅಲ್ಲಿಗೇ ಮುಗಿಯಿತು. ನಿಮಗೆ ಬೇಕಾಗುವ ಹೊತ್ತಿಗೆ ಅದು ಇರುವುದಿಲ್ಲ. ಆಮೇಲೆ ಪೋಷಕರನ್ನಾಗಿ ನೇಮಿಸಿ ಎಂದು ಕೋರ್ಟ್ ಮೆಟ್ಟಿಲು ಹತ್ತಬೇಕು. ಆದ್ದರಿಂದ ಕಾಯಿಲೆಯ ಮೊದಲ ಹಂತದಲ್ಲೇ, ಅವರು ತಿಳಿದು ಸಹಿ ಹಾಕಬಲ್ಲ ಕಾಲದಲ್ಲೇ, ಬ್ಯಾಂಕ್ ಖಾತೆಯನ್ನು ಜಂಟಿ ಮಾಡಿಸಿ, ನಾಮಿನಿ ನೋಡಿ, ಉಯಿಲು ಬರೆಯುವ ಮನಸ್ಸಿದ್ದರೆ ಬರೆಸಿ. ಅವರಿಗೆ ಬುದ್ಧಿ ಸ್ವಾಧೀನದಲ್ಲಿದೆ ಎಂಬ ವೈದ್ಯರ ಪ್ರಮಾಣಪತ್ರ ಅದೇ ದಿನದ್ದು ಇರಲಿ. ಪಿಂಚಣಿ ಇದ್ದರೆ ನವೆಂಬರ್‌ನ ಜೀವನ ಪ್ರಮಾಣ ಪತ್ರವನ್ನು ಕೇಂದ್ರದಿಂದಲೇ ಫೋನಿನ ಮುಖ ಗುರುತಿನ ಮೂಲಕ ಕೊಡಿಸುತ್ತಾರಾ ಕೇಳಿ.

ಕೇಂದ್ರದ ಕಡೆಯಿಂದ ನೋಂದಣಿ ಪತ್ರ ಕೇಳಿ. ವೈದ್ಯಕೀಯ ಸೇವೆ ಕೊಡುತ್ತೇವೆ ಎನ್ನುವವರು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಅಥವಾ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿದ್ದಾರಾ? ಒಪ್ಪಂದದಲ್ಲಿ ಡೆಪಾಸಿಟ್ ವಾಪಸಾತಿ, ಎಷ್ಟು ದಿನದ ನೋಟಿಸ್, ಆಸ್ಪತ್ರೆಯಲ್ಲಿದ್ದ ದಿನಗಳ ಫೀಸ್, ಕೊನೆಗಾಲದವರೆಗೆ ಇಟ್ಟುಕೊಳ್ಳುತ್ತಾರಾ ಎಂಬ ನಾಲ್ಕೂ ಬರಹದಲ್ಲಿರಲಿ. ಬಾಯಿಮಾತಿಗೆ ಬೆಲೆ ಇಲ್ಲ.

ಹಂತ 8: ಸೇರಿಸುವ ದಿನ, ಮೊದಲ ತಿಂಗಳು

ಸಾಧ್ಯವಾದರೆ ಮೊದಲು ಕೆಲವು ವಾರದ ಮಟ್ಟಿಗೆ ಮಾತ್ರ ಸೇರಿಸಿ ನೋಡಿ. ಎಷ್ಟೋ ಕೇಂದ್ರಗಳು ಇದಕ್ಕೆ ಒಪ್ಪುತ್ತವೆ. ಕರೆದುಕೊಂಡು ಹೋಗುವುದು ಬೆಳಗ್ಗೆ, ತಿಂಡಿ ಆದ ಮೇಲೆ. ಸಂಜೆ ಬೇಡ.

ಹೊಸ ಬಟ್ಟೆ, ಹೊಸ ಚಾದರ ಕೊಳ್ಳಬೇಡಿ. ಮನೆಯಲ್ಲಿ ಹೊದೆಯುತ್ತಿದ್ದ ಹಳೆಯ ಕಂಬಳಿ, ಕಾಫಿ ಕುಡಿಯುತ್ತಿದ್ದ ಸ್ಟೀಲ್ ಲೋಟ, ದೇವರ ಫೋಟೊ, ಯೌವನದ ಒಂದು ಕುಟುಂಬದ ಚಿತ್ರ ಒಯ್ಯಿರಿ. ಈಗಿನ ಮೊಮ್ಮಕ್ಕಳ ಫೋಟೊಕ್ಕಿಂತ ಮದುವೆಯ ಕಾಲದ ಕಪ್ಪು ಬಿಳುಪು ಚಿತ್ರವನ್ನು ಬೇಗ ಗುರುತಿಸುತ್ತಾರೆ. ಬಂಗಾರ ಮನೆಯಲ್ಲಿರಲಿ. ತಾಳಿ ತೆಗೆಯಲು ಅಮ್ಮ ಒಪ್ಪದಿದ್ದರೆ ಅರಿಶಿನ ದಾರ ಹಾಕಿ.

ಸಿಬ್ಬಂದಿಗೆ ಒಂದು ಪುಟ ಬರೆದುಕೊಡಿ. ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಏನು ಕೆಲಸ ಮಾಡುತ್ತಿದ್ದರು, ಕಾಫಿ ಎಷ್ಟು ಗಂಟೆಗೆ, ಶನಿವಾರ ಒಪ್ಪತ್ತು ಇದೆಯಾ, ಏನು ಹೇಳಿದರೆ ರೇಗುತ್ತಾರೆ, ಯಾವ ಹಾಡಿಗೆ ಸುಮ್ಮನಾಗುತ್ತಾರೆ. ಮೇಷ್ಟ್ರಾಗಿದ್ದವರನ್ನು "ಅಂಕಲ್" ಎನ್ನುವ ಬದಲು "ಮೇಷ್ಟ್ರೇ" ಎಂದು ಕರೆದರೆ ಸ್ನಾನಕ್ಕೆ ಬರುವುದೂ ಸುಲಭವಾಗಬಹುದು.

"ಮನೆಗೆ ಕರ್ಕೊಂಡು ಹೋಗು" ಎನ್ನುತ್ತಾರೆ. ಮನೆಯಲ್ಲಿದ್ದಾಗಲೂ ಹಾಗೇ ಅನ್ನುತ್ತಿದ್ದರು ಅಲ್ವಾ? ವಾದ ಬೇಡ, ನಾಳೆ ಎಂದು ಸುಳ್ಳು ಲೆಕ್ಕವೂ ಬೇಡ. ಯಾವ ಮನೆ, ಅಲ್ಲಿ ಯಾರಿದ್ದಾರೆ ಎಂದು ಕೇಳುತ್ತಾ ಮಾತಿಗೆ ಎಳೆಯಿರಿ. ಮೊದಲ ಕೆಲವು ವಾರ ಅಳು, ಊಟ ಬಿಡುವುದು, ಕೋಪ ಇರುತ್ತದೆ. ಒಂದೂವರೆ ಎರಡು ತಿಂಗಳಾದರೂ ತೂಕ ಇಳಿಯುತ್ತಲೇ ಇದ್ದರೆ, ಬಿದ್ದ ಗಾಯಗಳು ಪದೇ ಪದೇ ಕಂಡರೆ, ಹಗಲಿಡೀ ಮಂಪರಿನಲ್ಲಿದ್ದರೆ ಅದನ್ನು ಹೊಂದಿಕೊಳ್ಳುವ ಕಾಲ ಎಂದು ಬಿಡಬೇಡಿ.

ಹಂತ 9: ಸೇರಿಸಿದ ಮೇಲೆ ನೋಡುತ್ತಿರಬೇಕಾದ್ದು

ಹೇಳದೆ ಕೇಳದೆ ಹೋಗಿ, ಬೇರೆ ಬೇರೆ ಹೊತ್ತಿನಲ್ಲಿ. ಹೋದಾಗ ಸಾಕ್ಸ್ ತೆಗೆದು ಹಿಮ್ಮಡಿ ನೋಡಿ, ಮಗ್ಗುಲಿಗೆ ತಿರುಗಿಸಿ ಸೊಂಟದ ಕೆಳಗೆ ನೋಡಿ. ಒತ್ತಿದರೂ ಹೋಗದ ಕೆಂಪು ಕಲೆ ಬೆಡ್ ಸೋರ್‌ನ ಶುರು. ಉಗುರು, ಬಾಯಿ, ಹಲ್ಲುಸೆಟ್ಟು, ಕನ್ನಡಕ, ಕಿವಿಯ ಯಂತ್ರ ತಮ್ಮವೇನಾ ನೋಡಿ. ಕೇಂದ್ರಗಳಲ್ಲಿ ಹಲ್ಲುಸೆಟ್ಟು ಅದಲು ಬದಲಾಗುವುದು ಅಪರೂಪವೇನಲ್ಲ. ತಿಂಗಳಿಗೊಮ್ಮೆ ತೂಕದ ಚಾರ್ಟ್, ಮಾತ್ರೆ ಪಟ್ಟಿ ಕೇಳಿ ಪಡೆಯಿರಿ. ಹೊಸ ಮಾತ್ರೆ ಸೇರಿದ್ದರೆ ಯಾಕೆ ಎಂದು ಕೇಳಿ.

ಅಸಿಸ್ಟೆಡ್ ಲಿವಿಂಗ್‌ನಲ್ಲಿ ಇದ್ದವರು ಬೇರೆಯವರ ರೂಮಿಗೆ ನುಗ್ಗುವುದು, ಗೇಟಿನ ಹತ್ತಿರ ಸಿಕ್ಕಿಬೀಳುವುದು, ಬೆಲ್ ಒತ್ತದೆ ರಾತ್ರಿ ಒದ್ದೆಯಲ್ಲೇ ಮಲಗುವುದು ಶುರುವಾದರೆ ಮತ್ತೆ ಒಂದು ವಾರ ನೋಟ್‌ಬುಕ್ ಇಡಿಸಿ, ಈ ಸಲ ಅಲ್ಲಿನ ಸಿಬ್ಬಂದಿಯ ಕೈಯಲ್ಲಿ. ಅದನ್ನು ಹಿಡಿದು ವೈದ್ಯರ ಹತ್ತಿರ ಹೋಗಿ, ಮೆಮೊರಿ ಕೇರ್‌ಗೆ ಬದಲಿಸುವ ಮಾತು ಆಡಿ.

ದೂರು ಇದ್ದು ಕೇಂದ್ರದವರು ಕಿವಿಗೆ ಹಾಕಿಕೊಳ್ಳದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಟ್ರಸ್ಟ್ ಸೇರಿ 2002ರಲ್ಲಿ ಶುರು ಮಾಡಿದ ಹಿರಿಯರ ಸಹಾಯವಾಣಿ 1090 ಕೂಡ ಇದೆ. ನೋಡಿಕೊಳ್ಳುವ ನಿಮಗೇ ನಿದ್ದೆ ಬಾರದೆ, ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.